ಪೆನ್ಸಿಲ್ ಹೋಯಿತು, ನೋಟ್‌ಬುಕ್ ಬಂತು

ಮನೆಯಿಂದ
ಹನ್ನೊಂದನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೆಗೆ,

ಸೊಸೆಯ ನಮಸ್ಕಾರಗಳು. ನಿಮ್ಮ ಮಂಡಿನೋವು ಹೇಗಿದೆ? ನಾದಿನಿಯ ಮನೆ ಮೂರನೇ ಮಹಡಿಯಲ್ಲಿದೆ, ನೀವು ಮೆಟ್ಟಿಲು ಹತ್ತಿ ಇಳಿಯುವುದನ್ನು ನೆನೆಸಿಕೊಂಡರೆ ನನ್ನ ಮಂಡಿಯೇ ನೋಯುತ್ತದೆ. ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರಿ ತಾನೆ? ಮಗು ರಾತ್ರಿಯೆಲ್ಲ ಅಳುತ್ತದೆ, ಹಗಲೆಲ್ಲ ನಿದ್ದೆ ಮಾಡುತ್ತದೆ ಎಂದು ಬರೆದಿದ್ದಿರಿ. ನಿಮ್ಮ ಮಗನೂ ಹುಟ್ಟಿದಾಗ ಹೀಗೇ ಇದ್ದರೆಂದು ನೀವೇ ಹೇಳುತ್ತಿದ್ದಿರಲ್ಲ. ಅವರ ಅಳು ನಿಂತಿದೆ, ಹಗಲಿನ ನಿದ್ದೆ ಇನ್ನೂ ಬಿಟ್ಟಿಲ್ಲ. ಈಗಲೂ ಮುಖದ ಮೇಲೆ ಪೇಪರ್ ಹೊದ್ದು ಮಲಗಿದ್ದಾರೆ. ಪುಟ್ಟಿಗೆ ಮುಂದಿನ ಹಲ್ಲು ಎರಡೂ ಬಿದ್ದಿವೆ. ಅಜ್ಜಿಗೆ ತೋರಿಸಬೇಕೆಂದು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದಾಳೆ.

ಹೋದ ಕಾಗದದಲ್ಲಿ ನೀವು ಕೇಳಿದ್ದಿರಿ, ‘ನಿಮ್ಮ ಶಾಲೆಗೆ ಬಂದ ಆ ಚೀಲದ ಮೇಡಂ ಏನು ಕಡಿದು ಕಟ್ಟೆ ಹಾಕಿದಳು?’ ಎಂದು. ಕೇಳಿದ ದನಿ ಕೂಡ ನನಗೆ ಕೇಳಿಸಿತು. ಮೂವತ್ತೊಂದು ವರ್ಷ ಅದೇ ಶಾಲೆಯಲ್ಲಿ ಪಾಠ ಮಾಡಿದವರು ನೀವು. ಯಾರೋ ಬಂದು ಮೇಷ್ಟರಿಗೇ ಮೇಷ್ಟರಾಗುತ್ತೇನೆ ಎಂದರೆ ನಿಮಗೆ ಹೇಗಾಗುತ್ತದೆಂದು ಬಲ್ಲೆ. ನನಗೂ ಹಾಗೇ ಆಗಿತ್ತು. ಅದಕ್ಕೇ ಎಲ್ಲವನ್ನೂ ಮೊದಲಿನಿಂದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಆಕೆ ಶಿಕ್ಷಕರ ತರಬೇತಿ ಕಚೇರಿಯವರು. ಗಿಡ್ಡ ಆಳು, ದಪ್ಪ ಕನ್ನಡಕ, ಹೆಗಲಿನಲ್ಲಿ ಆಕೆಯಷ್ಟೇ ತೂಕದ ಒಂದು ಬಟ್ಟೆ ಚೀಲ. ಆ ಹೆಸರು ಇಟ್ಟವರು ನಮ್ಮ ಸ್ಟಾಫ್ ರೂಮಿನವರೇ. ನಮ್ಮ ಮಕ್ಕಳು ತಮ್ಮ ಊರಿನ ಆಚೆಗಿನ ಜಗತ್ತನ್ನು ಅರಿಯಬೇಕು, ತಮ್ಮಂತಲ್ಲದ ಜನರ ಜೊತೆ ಮಾತಾಡಲು, ಸೇರಿ ಕೆಲಸ ಮಾಡಲು ಕಲಿಯಬೇಕು, ಅದಕ್ಕೆ ನಮ್ಮಂಥ ಮೇಷ್ಟರುಗಳಿಗೆ ನೆರವಾಗಬೇಕು, ಇಷ್ಟು ಆಕೆಯ ಕೆಲಸ. ಹೆಡ್‌ಮಾಸ್ಟರು ಆಕೆಯನ್ನು ತಂದು ನನ್ನ ಆರನೇ ತರಗತಿಗೆ ಅಂಟಿಸಿದರು. ಒಂದು ಭಾಷಣವಿರುತ್ತದೆ, ನಾಲ್ಕು ಚಪ್ಪಾಳೆ ತಟ್ಟಿ ಕಳಿಸಿದರಾಯಿತು ಎಂದುಕೊಂಡಿದ್ದೆ. ಆಕೆ ಮೊದಲ ದಿನ ಬಾಯಿಯನ್ನೇ ಬಿಡಲಿಲ್ಲ. ಹಿಂದಿನ ಬೆಂಚಿನಲ್ಲಿ ಇಬ್ಬರು ಮಕ್ಕಳ ನಡುವೆ ನುಸುಳಿ ಕೂತು ಏನೋ ಗೀಚುತ್ತಲೇ ಇದ್ದರು. ಸಂಜೆ ಗಂಟೆ ಹೊಡೆದ ಮೇಲೆ ಮೆಲ್ಲಗೆ ಹೇಳಿದರು: “ಇವತ್ತು ನೀವು ಐವತ್ತೆರಡು ಪ್ರಶ್ನೆ ಕೇಳಿದ್ರಿ. ಐವತ್ತೆರಡಕ್ಕೂ ಉತ್ತರ ನಿಮಗೆ ಮೊದಲೇ ಗೊತ್ತಿತ್ತು. ಮಕ್ಕಳು ಎರಡು ಕೇಳಿದ್ರು. ನೀರು ಕುಡಿದು ಬರ್ಲಾ ಅಂತ ಒಂದು, ಇದು ಪರೀಕ್ಷೆಗೆ ಬರುತ್ತಾ ಅಂತ ಒಂದು.”

ನನಗೆ ಮೈಯೆಲ್ಲ ಉರಿದುಹೋಯಿತು, ಅತ್ತೆ. ಅಂದು ಮನೆಗೆ ಬಂದು ಪಾತ್ರೆಗಳನ್ನು ಎಷ್ಟು ಸದ್ದು ಮಾಡಿ ತೊಳೆದೆನೆಂದರೆ ನಿಮ್ಮ ಮಗ ತಾವಾಗಿಯೇ ಎದ್ದು ಬಂದು ಒರೆಸಲು ನಿಂತರು. ಆದರೆ ಮಲಗುವ ಮುಂಚೆ ಮನಸ್ಸಿನಲ್ಲೇ ಎಣಿಸಿ ನೋಡಿದೆ. ಆಕೆ ಹೇಳಿದ್ದು ಸುಳ್ಳಾಗಿರಲಿಲ್ಲ.

ಮರುದಿನ ಸಮಾಜ ಪಾಠದಲ್ಲಿ ಸಮುದ್ರದಾಚೆಯ ಒಂದು ದೇಶದ ವಿಷಯ. ‘ಅಲ್ಲಿನ ಜನರು ಮೀನು ಹಿಡಿಯುತ್ತಾರೆ’ ಎಂದು ಪುಸ್ತಕದಲ್ಲಿತ್ತು, ನಾನೂ ಓದಿಸಿದೆ. ಹಿಂದಿನ ಬೆಂಚಿನಿಂದ ಮಕ್ಕಳ ಹಾಗೆ ಕೈಯೆತ್ತಿ ಆಕೆ ಕೇಳಿದರು, “ಎಲ್ಲರೂನಾ ಟೀಚರ್? ಹಲ್ಲಿನ ಡಾಕ್ಟ್ರೂ?” ತರಗತಿ ನಕ್ಕಿತು. ನಗು ನಿಂತ ಮೇಲೆ ನಮ್ಮ ಗಿಳಿ ಎದ್ದು ನಿಂತಳು. ಗಿಳಿ ಎಂದರೆ ಲಾರಿ ಡ್ರೈವರ ಮಗಳು, ಬಾಯಿಗೆ ಬೀಗವೇ ಇಲ್ಲದವಳು. “ಹಾಗಾದ್ರೆ ಅಲ್ಲಿ ಹರಿದ ಚಪ್ಪಲಿ ಯಾರು ಹೊಲಿತಾರೆ?” ಎಂದಳು. ಇನ್ನೊಬ್ಬ, ಅಲ್ಲಿ ಮಕ್ಕಳು ಶಾಲೆಗೆ ಹೇಗೆ ಬರುತ್ತಾರೆ ಎಂದ. ಮತ್ತೊಬ್ಬಳು, ಅವರ ಪುಸ್ತಕದಲ್ಲಿ ನಮ್ಮ ಬಗ್ಗೆ ಏನು ಬರೆದಿದ್ದಾರೆ ಎಂದಳು. ಒಂಬತ್ತು ವರ್ಷದಲ್ಲಿ ಮೊದಲ ಸಲ ತರಗತಿಯ ಮುಂದೆ ನಿಂತು ‘ನನಗೆ ಗೊತ್ತಿಲ್ಲ’ ಎಂದೆ. ಆಕಾಶವೇನೂ ಕಳಚಿ ಬೀಳಲಿಲ್ಲ. ಆಕೆ ಸಂತೋಷದಿಂದ ಏನೋ ಬರೆದುಕೊಂಡು, “ಯಾರನ್ನ ಕೇಳಿದ್ರೆ ಗೊತ್ತಾಗುತ್ತೆ?” ಎಂದರು.

ಹೀಗೆ ಶುರುವಾಯಿತು. ಅದೇ ದೇಶದ ಒಂದು ಶಾಲೆಯ ಆರನೇ ತರಗತಿಯನ್ನು ಆಕೆ ಹುಡುಕಿ ಜೊತೆ ಮಾಡಿಕೊಟ್ಟರು. ಅಲ್ಲಿನ ಮೇಷ್ಟರಿಗೆ ನಮ್ಮ ಭಾಷೆ ಬಾರದು, ನನಗೆ ಅವರದು ಬಾರದು. ಇಬ್ಬರಿಗೂ ಅರೆಬರೆ ಬರುವ ಇಂಗ್ಲಿಷಿನಲ್ಲಿ, ತೊಡೆಯ ಮೇಲೆ ನಿಘಂಟು ಇಟ್ಟುಕೊಂಡು ಬರೆದುಕೊಂಡೆವು. ಮಕ್ಕಳು ಒಂದೊಂದು ವಾಕ್ಯಕ್ಕೆ ಅರ್ಧ ಗಂಟೆ ಜಗಳವಾಡುತ್ತಿದ್ದರು. ನಮ್ಮ ತರಗತಿಯ ಫೋಟೋ ಅಲ್ಲಿಗೆ ಹೋಯಿತು, ಅಲ್ಲಿನದು ಇಲ್ಲಿಗೆ ಬಂತು. ಅಲ್ಲಿನ ಫೋಟೋದಲ್ಲಿ ತಗಡಿನ ಗೋಡೆ, ತಗಡಿನ ಸೂರು, ಒಂದೇ ಒಂದು ಬಲ್ಬು, ಬೆಂಚಿಗೆ ಮೂವರಂತೆ ಒತ್ತಿಕೊಂಡು ಕೂತ ಮಕ್ಕಳು. ನಮ್ಮ ಮಕ್ಕಳಿಗೆ ಕರುಳು ಚುರುಕ್ ಎಂದಿತು. “ಪಾಪ ಟೀಚರ್, ಪೆನ್ಸಿಲ್ ಆದ್ರೂ ಇದೆಯೋ ಇಲ್ವೋ” ಎಂದರು. ನಾನು ಮಾಡಿದ್ದೇನು ಗೊತ್ತೇ? ಚೀಲದ ಮೇಡಂ ಬೇರೆ ಶಾಲೆಗೆ ಹೋಗಿದ್ದ ವಾರ ಅದು; ಆಕೆಯನ್ನು ಒಂದು ಮಾತು ಕೇಳದೆ, ಎಂಥ ಒಳ್ಳೆಯ ಮನಸ್ಸಿನ ಮಕ್ಕಳು ಎಂದು ಬೀಗುತ್ತ, ಪೆನ್ಸಿಲ್ ಕೂಡಿಸಲು ಹೇಳಿದೆ. ಅರವತ್ತಮೂರು ಪೆನ್ಸಿಲ್ ಆದವು. ನಾನೇ ಕಟ್ಟಿ ಅಂಚೆಗೆ ಹಾಕಿ ಬಂದೆ. ಅಂದು ನನ್ನ ಕಾಲು ನೆಲದ ಮೇಲಿರಲಿಲ್ಲ.

ನಾಲ್ಕನೇ ದಿನ ಅಲ್ಲಿಂದ ಒಂದು ಪಾರ್ಸೆಲ್ ಬಂತು. ನಮ್ಮದು ಇನ್ನೂ ತಲುಪಿರಲು ಸಾಧ್ಯವೇ ಇರಲಿಲ್ಲ. ಮಕ್ಕಳು ಮುಗಿಬಿದ್ದು ಬಿಚ್ಚಿದರು. ಒಳಗೆ ನಲವತ್ತು ನೋಟ್‌ಬುಕ್‌ಗಳು, ತಲೆಗೊಂದು. ಮೇಲೊಂದು ಚೀಟಿ: ‘ನಿಮ್ಮ ಫೋಟೋದಲ್ಲಿ ಇಬ್ಬರಿಗೆ ಒಂದೇ ಪುಸ್ತಕ ಇರುವುದನ್ನು ನೋಡಿ ನಮಗೆ ತುಂಬಾ ದುಃಖವಾಯಿತು. ದಯವಿಟ್ಟು ಇವನ್ನು ತೆಗೆದುಕೊಳ್ಳಿ.’

ಅತ್ತೆ, ಆ ಫೋಟೋ ತೆಗೆದ ದಿನ ನಾನೇ ಇಬ್ಬರಿಗೊಂದು ಪುಸ್ತಕ ಕೊಟ್ಟಿದ್ದೆ, ಜೊತೆಯಾಗಿ ಓದಿ ಚರ್ಚೆ ಮಾಡಲಿ ಎಂದು. ಎಲ್ಲರ ಚೀಲದಲ್ಲೂ ಪುಸ್ತಕ ಇತ್ತು. ತರಗತಿ ಸದ್ದಡಗಿತು. ಗಿಳಿ ಮಾತ್ರ ಎದ್ದು, ಎಂದಿನ ಗಟ್ಟಿ ದನಿ ಇಲ್ಲದೆ, “ಟೀಚರ್, ನಾವು ಬಡವರಾ?” ಎಂದು ಕೇಳಿದಳು.  ನೋಟ್‌ಬುಕ್ ಯಾರೂ ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆಯೇ ಗಿಳಿಯ ಅಪ್ಪ ಬಂದರು. ಲಾರಿ ಗೇಟಿನ ಹೊರಗೆ ಗುರುಗುಡುತ್ತಲೇ ಇತ್ತು. “ನನ್ನ ಮಗಳಿಗೆ ಒಂದು ನೋಟ್‌ಬುಕ್ ಕೊಡಿಸೋ ಯೋಗ್ಯತೆ ನನಗಿಲ್ವಾ? ಯಾರ್ರೀ ಹೇಳಿದ್ದು ನಮ್ಮ ಮಕ್ಕಳು ಕೈ ಚಾಚ್ತಾರೆ ಅಂತ?” ಎಂದು ಹೆಡ್‌ಮಾಸ್ಟರ ಮೇಜು ಗುದ್ದಿದರು. ಹೆಡ್‌ಮಾಸ್ಟರು ಬೆವತುಹೋಗಿ, ಈ ಜೊತೆ ಶಾಲೆ ಗೀಲೆ ಎಲ್ಲ ಇವತ್ತಿಗೇ ಬಂದ್ ಎಂದುಬಿಟ್ಟರು. ತಪ್ಪೆಲ್ಲ ನನ್ನದೇ ಎಂದು ನನಗೆ ಗೊತ್ತಿತ್ತು. ಚೀಲದ ಮೇಡಂಗೆ ಫೋನ್ ಮಾಡಿ, ಪೆನ್ಸಿಲ್ ಕಳಿಸಿದ್ದನ್ನೂ ಸೇರಿಸಿ ಎಲ್ಲ ಒಪ್ಪಿಸಿದೆ. ಬೈಯುತ್ತಾರೆಂದು ಕಾದೆ. ಆಕೆ ಕೇಳಿದ್ದು ಒಂದೇ, “ಆ ಡ್ರೈವರು ಇನ್ನೂ ಅಲ್ಲೇ ಇದ್ದಾರಾ? ಹೋಗೋಕೆ ಬಿಡಬೇಡಿ, ಬಂದೆ.”

ಈಗ ನಾನು ಹೇಳಬೇಕೆಂದಿದ್ದ ಭಾಗಕ್ಕೆ ಬಂದೆ. ಆಕೆ ಬಂದವರೇ ಆ ಮನುಷ್ಯನಿಗೆ ಸಮಾಧಾನ ಹೇಳಲಿಲ್ಲ, ಕ್ಷಮೆ ಕೇಳಲಿಲ್ಲ, ಜಗತ್ತೇ ಒಂದು ಮನೆ ಎಂದು ಉಪದೇಶ ಮಾಡಲಿಲ್ಲ. “ನಿಮ್ಮ ಸಹಾಯ ಬೇಕಿತ್ತು” ಎಂದು ತರಗತಿಗೆ ಕರೆದುಕೊಂಡು ಹೋಗಿ, ನನ್ನ ಕುರ್ಚಿಯಲ್ಲೇ ಕೂರಿಸಿದರು. ಜೊತೆ ಶಾಲೆಯವರು ಕಳಿಸಿದ್ದ ಫೋಟೋವನ್ನು ಕೈಗೆ ಕೊಟ್ಟು, “ಇದರಲ್ಲಿ ನಿಮಗೆ ಏನು ಕಾಣುತ್ತೆ? ಏನು ಅನ್ಸುತ್ತೆ ಅಂತಲ್ಲ, ಏನು ಕಾಣುತ್ತೆ?” ಎಂದರು. ಆತ ಮೊದಲು ಮುಖ ಗಂಟಿಕ್ಕಿದರು. ಆಮೇಲೆ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು, ಹತ್ತಿರ ತಂದು, ದೂರ ಇಟ್ಟು ನೋಡಿದರು. “ಇದು ಬಿಚ್ಚಿ ಜೋಡಿಸೋ ಶೆಡ್ಡು. ಇಲ್ನೋಡಿ ಬೋಲ್ಟು. ದೊಡ್ಡ ಕಟ್ಟಡ ಏಳೋ ಕಡೆ ನಾಲ್ಕು ತಿಂಗಳಿಗೆ ಅಂತ ನಿಲ್ಲಿಸ್ತಾರೆ. ನಾನೇ ಇಂಥವು ಎಷ್ಟೋ ಸಾಗಿಸಿದೀನಿ. ಕಿಟಕೀಲಿ ಕ್ರೇನಿನ ಕಾಲು ಕಾಣ್ತಾ ಇದೆಯಲ್ಲ, ಇವರಿಗೆ ಹೊಸ ಶಾಲೆ ಕಟ್ತಾ ಇದಾರೆ.”

ನಾವು ನಲವತ್ತೊಂದು ಜನ ಎರಡು ವಾರ ಆ ಫೋಟೋ ನೋಡಿದ್ದೆವು. ಒಬ್ಬರಿಗೂ ಕ್ರೇನ್ ಕಂಡಿರಲಿಲ್ಲ.

ಚೀಲದ ಮೇಡಂ ಸೀಮೆಸುಣ್ಣ ತೆಗೆದುಕೊಂಡರು. ಹಲಗೆಯ ನಡುವೆ ಒಂದು ಗೆರೆ ಎಳೆದು, ಒಂದು ಕಡೆ ‘ಕಂಡದ್ದು’, ಇನ್ನೊಂದು ಕಡೆ ‘ನಾವು ಅಂದುಕೊಂಡದ್ದು’ ಎಂದು ಬರೆದು ಸೀಮೆಸುಣ್ಣವನ್ನು ಮಕ್ಕಳ ಕೈಗಿತ್ತು ಹಿಂದಿನ ಬೆಂಚಿಗೆ ಹೋದರು. ತಗಡು ಕಂಡದ್ದು, ಬಡವರು ಅಂದುಕೊಂಡದ್ದು. ಒಂದು ಬಲ್ಬು ಕಂಡದ್ದು. ಪೆನ್ಸಿಲ್ ಇಲ್ಲ ಎಂಬುದು ಅಂದುಕೊಂಡದ್ದು. ಮಕ್ಕಳು ಬರೆಯುತ್ತ ಬರೆಯುತ್ತ ನಿಧಾನವಾದರು. ಆಮೇಲೆ ಗಿಳಿ ಸೀಮೆಸುಣ್ಣ ಹಿಡಿದು ನಿಂತಲ್ಲೇ ಹೇಳಿದಳು, “ನಮ್ಮ ಪೆನ್ಸಿಲ್ ಇನ್ನು ಸ್ವಲ್ಪ ದಿನಕ್ಕೆ ಅಲ್ಲಿಗೆ ಹೋಗಿ ಸೇರುತ್ತೆ. ಆಗ ಅವರೂ ನಮ್ಮ ಹಾಗೇ ಸುಮ್ನೆ ಕೂತಿರ್ತಾರೆ.” ಅವಳ ಅಪ್ಪ ಕರವಸ್ತ್ರ ತೆಗೆದು ಕಣ್ಣು ಒರೆಸಿಕೊಂಡರು. ನಾನು ಕಿಟಕಿ ಕಡೆ ತಿರುಗಿದೆ.

ಆ ದಿನವೇ ಮಕ್ಕಳು ಕಾಗದ ಬರೆದರು. ಅದರಲ್ಲಿ ಕ್ಷಮೆ ಒಂದೇ ಸಾಲು, ಉಳಿದದ್ದೆಲ್ಲ ಪ್ರಶ್ನೆಗಳು, ಮೂವತ್ತನಾಲ್ಕು. ಅಲ್ಲಿಂದ ಬಂದ ಉತ್ತರದಲ್ಲಿ ಮೇಷ್ಟರು ನನಗೆಂದೇ ಎರಡು ಸಾಲು ಸೇರಿಸಿದ್ದರು: ತಾನೂ ನನ್ನ ಹಾಗೆಯೇ ಹೆಮ್ಮೆಯಿಂದ ಪಾರ್ಸೆಲ್ ಕಟ್ಟಿದ್ದೆನೆಂದು, ಪೆನ್ಸಿಲ್ ಬಂದ ದಿನ ಊಟ ಸೇರಲಿಲ್ಲವೆಂದು. ಆ ಮನುಷ್ಯನ ಮುಖ ನೋಡಿಲ್ಲ, ಆದರೂ ಒಡಹುಟ್ಟಿದವರ ಹಾಗೆ ಅನಿಸಿತು. ಹೆಡ್‌ಮಾಸ್ಟರು ‘ಬಂದ್’ ಎಂದದ್ದನ್ನು ಎಲ್ಲರೂ ಮರೆತ ಹಾಗೆ ನಟಿಸಿದೆವು, ಅವರೂ ನಟಿಸಿದರು.

ಮೂವತ್ತನಾಲ್ಕರಲ್ಲಿ ಒಂದು ಪ್ರಶ್ನೆ, ಶಾಲೆಗೆ ಬರುವಾಗ ನಿಮಗೆ ಯಾವುದರ ಭಯ ಎಂಬುದು. ನಾಯಿ ಎಂದು ನಮ್ಮವರು ಪಣ ಕಟ್ಟಿದ್ದರು. ಅವರು ಬರೆದದ್ದು ಲಾರಿ. ನಮ್ಮ ಗೇಟಿನ ಮುಂದೆಯೂ ಅದೇ ತಾನೆ? ಎರಡೂ ಶಾಲೆಯವರು ಒಂದೇ ವಾರ, ಒಂದೇ ನಮೂನೆಯ ಹಾಳೆಯಲ್ಲಿ ಲಾರಿ ಎಣಿಸಿದರು. ಯಾವ ಹೊತ್ತಿಗೆ ಸರಕು ತುಂಬಿದ ಗಾಡಿ ಬರುತ್ತದೆ, ಯಾವ ತಿರುವಿನಲ್ಲಿ ಬ್ರೇಕ್ ಹಿಡಿಯುವುದು ಕಷ್ಟ ಎಂದು ತಿಳಿಸಿಕೊಟ್ಟವರು ಗಿಳಿಯ ಅಪ್ಪ. ಅಲ್ಲಿನ ಮಕ್ಕಳು ತಮ್ಮ ನಗರಸಭೆಗೆ ಅರ್ಜಿ ಹೇಗೆ ಬರೆದರೆಂದು ಕಳಿಸಿಕೊಟ್ಟರು. ಅದನ್ನು ತಿದ್ದಿ ನಮ್ಮವರು ನಮ್ಮ ನಗರಸಭೆಗೆ ಹೋದರು. ಇಂಜಿನಿಯರು ಮೊದಲು ನಕ್ಕರು, ಹಾಳೆ ತಿರುವಿದ ಮೇಲೆ ನಗು ಬಿಟ್ಟು ಪೆನ್ನು ಹುಡುಕಿದರು. ಹೋದ ವಾರ ರಸ್ತೆಗೆ ಬಿಳಿ ಪಟ್ಟೆ ಬಳಿದಿದ್ದಾರೆ. ಗೇಟಿನಿಂದ ನಲವತ್ತು ಹೆಜ್ಜೆ ಆಚೆ, ಯಾರೂ ದಾಟದ ಜಾಗದಲ್ಲಿ. ಮಕ್ಕಳು ಎರಡನೇ ಅರ್ಜಿ ಬರೆಯುತ್ತಿದ್ದಾರೆ. ಅಲ್ಲಿನವರಿಗಂತೂ ಇನ್ನೂ ಉತ್ತರವೇ ಬಂದಿಲ್ಲ, ಅದಕ್ಕೆ ನಮ್ಮವರೇ ಧೈರ್ಯ ಹೇಳುತ್ತಿದ್ದಾರೆ.

ಚೀಲದ ಮೇಡಂ ಈಗ ಬರುವುದು ತಿಂಗಳಿಗೊಮ್ಮೆ. ನಾನು ಕೇಳುವ ಪ್ರಶ್ನೆಗಳು ಹದಿನೆಂಟಕ್ಕೆ ಇಳಿದಿವೆ, ಅದರಲ್ಲಿ ಏಳಕ್ಕೆ ನನಗೇ ಉತ್ತರ ಗೊತ್ತಿಲ್ಲ. ಏನು ಕಡಿದು ಕಟ್ಟೆ ಹಾಕಿದಳು ಎಂದಿರಲ್ಲ, ಇಷ್ಟು ಅತ್ತೆ. ತಾವು ಏನೂ ಮಾಡದವರ ಹಾಗೆ ಹಿಂದೆ ಕೂತು, ನಮ್ಮ ಕೈಯಿಂದಲೇ ಎಲ್ಲ ಮಾಡಿಸಿದರು. ನೀವು ಒಮ್ಮೆ ಆಕೆಯ ಜೊತೆ ಜಗಳವಾಡಬೇಕು. ಇಬ್ಬರಿಗೂ ಚೆನ್ನಾಗಿ ಹೊಂದುತ್ತದೆ.

ನಾದಿನಿಗೆ ನನ್ನ ನೆನಪುಗಳು, ಮಗುವಿನ ಅಂಗಾಲಿಗೊಂದು ಮುತ್ತು. ನೀವು ಮೆಟ್ಟಿಲಲ್ಲಿ ಅವಸರ ಮಾಡಬೇಡಿ. ನಿಮ್ಮ ಆಶೀರ್ವಾದ ಬೇಡುವ,

ನಿಮ್ಮ ಸೊಸೆ

ಮರೆತಿದ್ದೆ. ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲದೆ ಇಲ್ಲಿಯವರೆಗೆ ತಳ್ಳಿಕೊಂಡು ಬಂದೆ. ಬರುವ ತಿಂಗಳಿಂದ ವಾರಕ್ಕೆ ಎರಡು ದಿನ ಬೇರೆ ಶಾಲೆಗಳಿಗೆ ಹೋಗಿ ಅಲ್ಲಿನ ಶಿಕ್ಷಕರ ಹಿಂದಿನ ಬೆಂಚಿನಲ್ಲಿ ಕೂರುತ್ತೀರಾ ಎಂದು ಚೀಲದ ಮೇಡಂ ನನ್ನನ್ನು ಕೇಳಿದ್ದಾರೆ. ನಿಮ್ಮ ಮಗನಿಗೆ ಹೇಳಿದರೆ, “ಅಮ್ಮನಿಗೆ ಹೇಳಿದೀಯಾ?” ಎಂದು ಮಗ್ಗುಲು ಬದಲಿಸಿ ಮಲಗಿದರು. ಆ ಎರಡು ದಿನ ಪುಟ್ಟಿಯನ್ನು ಶಾಲೆಯಿಂದ ಕರೆತರಲು ಪಕ್ಕದ ಮನೆಯವರು ಒಪ್ಪಿದ್ದಾರೆ, ಅದಕ್ಕಾಗಿ ನೀವು ಬೇಗ ಹೊರಟು ಬರಬೇಡಿ. ಇನ್ನೊಂದು ಮಾತು. ಹೆಡ್‌ಮಾಸ್ಟರು ನಿಮ್ಮ ಕೈಕೆಳಗೆ ಹೊಸದಾಗಿ ಕೆಲಸಕ್ಕೆ ಸೇರಿದ್ದ ವರ್ಷ, ನಿಮಗೂ ಇಂಥದೇ ಒಂದು ಕರೆ ಬಂದಿತ್ತಂತೆ. ನೀವು ಮನೆಯಲ್ಲಿ ಯಾರಿಗೂ ಹೇಳದೆ, ಕಾಗದವನ್ನು ಮಡಚಿ ವಾಪಸ್ ಕೊಟ್ಟಿರಂತೆ. ಮೊನ್ನೆ ಅವರೇ ಹೇಳಿದರು. ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ನಾನು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿಬಿಟ್ಟೆ, ಅತ್ತೆ.