ಒಂದೇ ತಿರುವಿಗೆ ಕಾಸರಗೋಡು

ಅನೂಪಣ್ಣಾ,

ನೀನು ಏಳುವ ಹೊತ್ತಿಗೆ ನಾನು ಕಾಸರಗೋಡಿನ ರೈಲಿನಲ್ಲಿರುತ್ತೇನೆ. ಮೌಸಿನ ಚಕ್ರ ತೆವಳುತ್ತದೆಂದು ಕಂಪ್ಯೂಟರಿನಲ್ಲಿ ಸ್ಕ್ರಿಪ್ಟ್ ಬರೆದು ಅದಕ್ಕೆ ರೆಕ್ಕೆ ಕಟ್ಟಿದೆಯಲ್ಲ, ಅದರ ಕೃಪೆ. ಪರೀಕ್ಷೆಯ ಅರ್ಜಿಯಲ್ಲಿ ಜಿಲ್ಲೆಗಳ ಪಟ್ಟಿಯಿಂದ ನಮ್ಮ ತಿರುವನಂತಪುರವನ್ನೇ ಆರಿಸಿದ್ದೆ. ಪುಟ ಕೆಳಗಿಳಿಸಲು ಚಕ್ರವನ್ನು ಒಮ್ಮೆ ತಿರುಗಿಸಿದೆ ಅಷ್ಟೇ, ಪುಟದ ಬದಲು ಆ ಪಟ್ಟಿಯೇ ಉರುಳಿ ನನ್ನ ಪರೀಕ್ಷಾಕೇಂದ್ರ ಇಡೀ ಕೇರಳ ದಾಟಿ ಕೊನೆಯ ಜಿಲ್ಲೆಯಲ್ಲಿ ಹೋಗಿ ಕೂತಿತು. ನಾನೂ ನೋಡದೆ ಕಳುಹಿಸಿಬಿಟ್ಟೆ. ವರ್ಷವಿಡೀ ಓದಿದ್ದೇನೆ, ಬಿಡಲಾರೆ.

“ಒಬ್ಬಳೇ ಹೊರಗೆ ಹೋಗೋದು ಕಲಿ ಕಣೇ” ಅಂತಿದ್ದೆಯಲ್ಲ, ಈಗ ಸಂತೋಷವಾಯಿತೇ?

ತಿಂಡಿಗೆ ಹಬೆಯಲ್ಲಿ ಬೇಯಿಸಿದ ಪುಟ್ಟು ಮುಚ್ಚಿಟ್ಟಿದ್ದೇನೆ, ಕಡಲೆ ಸಾರು ಬಿಸಿ ಮಾಡಿಕೋ.

ಸ್ಕ್ರಿಪ್ಟಿನಲ್ಲಿ ಚಕ್ರದ ವೇಗಕ್ಕೆ ನೀನಿಟ್ಟಿದ್ದ ಇಪ್ಪತ್ತನ್ನು ಅಳಿಸಿ ಒಂದು ಮಾಡಿದ್ದೇನೆ. ಬೇಕಿದ್ದರೆ ಮತ್ತೆ ಏರಿಸಿಕೋ, ನನ್ನದೇನೂ ತಕರಾರಿಲ್ಲ. ಮಧ್ಯಾಹ್ನ ಅಮ್ಮ ಅದೇ ಮೌಸ್ ಹಿಡಿದು ಮದುವೆಯ ಜಾಲತಾಣದಲ್ಲಿ ನಿನ್ನ ವಯಸ್ಸು ತುಂಬಲು ಕೂರುತ್ತಾಳೆ.

ಆರ್ಚ