ಅಪ್ಪ ಕಟ್ಟಿದ ಇಪ್ಪತ್ತೈದು ಡಾಲರ್

ರಸೀನ್, ವಿಸ್ಕಾನ್ಸಿನ್
ಅಕ್ಟೋಬರ್ 12, 2023

ಪ್ರೀತಿಯ ಅಪ್ಪಾ,

ನಿನ್ನ ಮಂಡಿನೋವು ಹೇಗಿದೆ? ಎಂಟು ವರ್ಷ ಬಾಯಿ ಹೊಲಿದುಕೊಂಡಿದ್ದವಳು ಈಗ ಮಂಡಿ ವಿಚಾರಿಸುತ್ತಾಳೆ ಎಂದು ಗೊಣಗಬೇಡ. ತಡವಾಯಿತು, ಕ್ಷಮಿಸು.

ನಾನು ಓದು ಅರ್ಧಕ್ಕೆ ಬಿಟ್ಟದ್ದು, ನೀನು ಜಾಮೀನು ನಿಂತಿದ್ದ ಖಾಸಗಿ ಸಾಲ ಕಟ್ಟದೆ ಉಳಿದದ್ದು, "ನನ್ನ ಸಹಿಗೆ ಮಸಿ ಬಳಿದೆಯಲ್ಲೇ" ಎಂದು ನೀನು ಫೋನ್ ಕುಕ್ಕಿದ್ದು ಎಲ್ಲ ಹಳೆಯ ಕಥೆ. ಆ ಸಾಲವನ್ನು ವಸೂಲಿ ಕಂಪನಿಯೊಂದು ಕೊಂಡು ನನ್ನ ಮೇಲೆ ದಾವೆ ಹಾಕಿತು. ಅವರು ಗೆದ್ದರೆ ನನ್ನ ಸಂಬಳಕ್ಕೇ ಕತ್ತರಿ. ನಾನು ಹೆದರಿ ಕೋರ್ಟಿಗೇ ಹೋಗುವುದಿಲ್ಲ ಎಂದಿದ್ದೆ. ಪಕ್ಕದ ಮನೆಯ ಬರ್ನಡೀನ್ ಬಿಡಲಿಲ್ಲ. "ನೀನು ಹೋಗ್ದಿದ್ರೆ ಅವ್ರು ಆಡಿದ್ದೇ ಆಟ ಕಣೇ. ಏಳು, ಚಪ್ಪಲಿ ಹಾಕ್ಕೋ."

ಅವಳೇ ಉಚಿತ ನೆರವಿನ ವಕೀಲೆ ಇಲೀನ್ ಹತ್ತಿರ ಕರೆದೊಯ್ದಳು. "ಇಲ್ಲಿ ಕಂತು ನಿಂತು ಆರು ವರ್ಷ ದಾಟಿದ್ರೆ ದಾವೆ ಹಾಕೋ ಗಡುವು ಮುಗೀತು, ಸಾಲ ಸತ್ತಹಾಗೆ" ಎಂದಳು ಇಲೀನ್. "ಆದ್ರೆ ಮಧ್ಯೆ ಮರ್ಯಾದೆಗೆ ಅಂತ ಚೂರುಪಾರು ಕಟ್ಟಿದ್ರೂ ಗಡುವು ಮತ್ತೆ ಮೊದಲಿಂದ ಶುರು. ಪ್ರಾಮಾಣಿಕರೇ ಇದ್ರಲ್ಲಿ ಎಡವೋದು. ಏನಾದ್ರೂ ಕಟ್ಟಿದೀರಾ?" ಇಲ್ಲವೇ ಇಲ್ಲ ಎಂದು ಎದೆತಟ್ಟಿ ಹೇಳಿದೆ.

ಕಳೆದ ಶುಕ್ರವಾರ ಕೋರ್ಟಿನಲ್ಲಿ ಅವರ ವಕೀಲ, ಏಪ್ರಿಲ್‌ನಲ್ಲಿ ಇಪ್ಪತ್ತೈದು ಡಾಲರ್ ಬಂದಿದೆ ಎಂದ. ಕಟ್ಟಿದವನು ನೀನು. ಜಾಮೀನುದಾರ ಕಟ್ಟಿದರೆ ಇವಳ ಗಡುವು ಬದಲಾಗದು ಎಂದು ಇಲೀನ್ ವಾದಿಸಿದಳು. ನ್ಯಾಯಾಧೀಶರು ಒಪ್ಪಿ ದಾವೆ ವಜಾ ಮಾಡಿದರು. ಹೊರಬಂದು ಕರಿದ ಮೀನು ತಿನ್ನುತ್ತ ಬರ್ನಡೀನ್ ನಕ್ಕಳು, ನಾನು ಅತ್ತೆ.

ಅಷ್ಟು ಕೋಪವಿದ್ದೂ ಕಟ್ಟಿದೆಯಲ್ಲ ಅಪ್ಪಾ, ಈ ಋಣ ನಾನು ಹೇಗೆ ತೀರಿಸಲಿ? ಆದರೆ ನಿನ್ನ ಇಲಿನಾಯ್‌ನಲ್ಲಿ ಗಡುವು ಹತ್ತು ವರ್ಷ. ನೀನು ಕಟ್ಟಿದ ದಿನದಿಂದ ನಿನ್ನ ಪಾಲಿಗೆ ಅದು ಹೊಸದಾಗಿ ಶುರುವಾಗಿದೆಯಂತೆ. ಇನ್ನು ಅವರು ನಿನ್ನ ಬೆನ್ನು ಹತ್ತಬಹುದು. ಒಂದು ಕಾಸೂ ಕಟ್ಟಬೇಡ, ಫೋನಿನಲ್ಲಿ ಏನೂ ಒಪ್ಪಬೇಡ. ನಿಮ್ಮ ಪಿಯೋರಿಯಾದಲ್ಲೇ ಇರುವ ಒಬ್ಬ ವಕೀಲರ ಹೆಸರನ್ನು ಇಲೀನ್ ಕೊಟ್ಟಿದ್ದಾಳೆ. ಶನಿವಾರ ಬರುತ್ತೇನೆ. ಸಾಲ ಮಾಡಿದವಳು ನಾನು. ನಿನ್ನನ್ನು ಕೋರ್ಟಿಗೆಳೆದರೆ ಪಕ್ಕದಲ್ಲಿ ನಾನೇ ಕೂರುತ್ತೇನೆ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ಮೂಗಿನ ತುದಿಯ ಸಿಟ್ಟನ್ನು ಮಾತ್ರ ಸ್ವಲ್ಪ ಇಳಿಸಲಿ.

ನಿನ್ನ
ನೋರೀನ್

ಮರೆತೆ: ಕೋರ್ಟಿನಲ್ಲಿ ನಿನ್ನ ಫೋನ್ ಮಾತಿನ ಧ್ವನಿಮುದ್ರಣವನ್ನೂ ಕೇಳಿಸಿದರು. ಅದರಲ್ಲಿ ವಸೂಲಿಯವರು ಮಗಳು ಎಲ್ಲಿದ್ದಾಳೆ ಎಂದು ಕೇಳಿದರು. "ನಂಗೆ ಮಗಳೇ ಇಲ್ಲ" ಎಂದೆ ನೀನು. ಅದರ ಬೆನ್ನಿಗೇ ಮತ್ತೆ ನಿನ್ನದೇ ದನಿ: "ಅವಳ ತಂಟೆಗೆ ಹೋಗ್ಬೇಡಿ. ಎಷ್ಟು ಕಟ್ಲಿ, ಹೇಳಿ." ಶನಿವಾರ ನಾನು ಬಾಗಿಲು ತಟ್ಟಿದಾಗ ಒಳಗಿನಿಂದ ಯಾರು ಎಂದು ಕೇಳುತ್ತೀಯಲ್ಲ, ಏನು ಹೇಳಲಿ ಅಪ್ಪಾ?