ಮಹಾಸಭೆಯಲ್ಲಿ ಆಡದ ಮಾತು

ಬುಧವಾರ, ಮಧ್ಯಾಹ್ನ

ಪುಟ್ಟಕ್ಕನಿಗೆ ನಿನ್ನ ಅಮ್ಮ ಮಾಡುವ ಆಶೀರ್ವಾದ.

ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಬೇಕಾದಾಗ ಓದು. ಬೇಡವೆನಿಸಿದರೆ ಮಡಚಿ ಅಲುಗಾಡುವ ಮೇಜಿನ ಕಾಲಿನಡಿ ಇಡು. ನಾಲ್ಕನೇ ಕ್ಲಾಸಿಗೆ ಹಳ್ಳಿ ಶಾಲೆ ಬಿಟ್ಟವಳ ಬರಹ, ಒತ್ತು ದೀರ್ಘ ತಪ್ಪಿದ್ದರೆ ನೀನೇ ತಿದ್ದಿಕೋ.

ನಿನ್ನೆ ನಿಮ್ಮ ಡ್ರೈವರ್ ಕವರ್ ತಂದುಕೊಟ್ಟ. ಅದರಲ್ಲಿದ್ದ ಹಾಳೆ ಓದಿದೆ. ಮಹಾಸಭೆಯ ದಿನ ನನ್ನ ಬುದ್ಧಿ ನೆಟ್ಟಗಿರಲಿಲ್ಲವಂತೆ. ನನಗೆ ಮರೆವು ಹೆಚ್ಚಿದೆಯಂತೆ. ಬ್ಯಾಂಕಿನ ಲೆಕ್ಕಪತ್ರಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆಯಂತೆ. ಬುದ್ಧಿಯಿಲ್ಲದವಳ ಒಪ್ಪಿಗೆ ಕಟ್ಟಿಕೊಂಡು ಅಳಿಯಂದಿರು ಏನು ಮಾಡುತ್ತಾರೋ ನಾನು ಕಾಣೆ. ಸಹಿ ಹಾಕಿದರೆ ನೀನು ಮೊದಲಿನ ಹಾಗೆ ಬಂದು ಹೋಗಿ ಮಾಡುತ್ತೀಯಂತೆ, ಹಾಕದಿದ್ದರೆ ನಿನ್ನ ದಾರಿ ನಿನಗೆ, ನನ್ನ ದಾರಿ ನನಗಂತೆ. ಇದನ್ನೂ ಡ್ರೈವರ್ ಬಾಯಲ್ಲೇ ಹೇಳಿಸಿದ್ದೀ. ಪಾಪ, ಹೇಳುವಷ್ಟು ಹೊತ್ತೂ ಅವನು ನನ್ನ ಚಪ್ಪಲಿ ನೋಡುತ್ತಿದ್ದ.

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನಿಗೆ ಕುಡಿಯಲು ನೀರು ಕೊಟ್ಟೆ, ನಾಳೆ ಬಾ ಎಂದೆ, ಒಣಗಿದ ಬಟ್ಟೆ ತಂದು ಮಡಚಿದೆ. ಹಲ್ಲು ಕೀಳುವ ಮುಂಚೆ ಡಾಕ್ಟರ್ ಸೂಜಿ ಚುಚ್ಚುತ್ತಾರಲ್ಲ, ಆಮೇಲೆ ಕೆನ್ನೆ ಮುಟ್ಟಿದರೆ ಯಾರದೋ ಕೆನ್ನೆ ಎನಿಸುತ್ತದಲ್ಲ, ಸಭೆಯ ದಿನದಿಂದ ನನಗೆ ಮೈಯೆಲ್ಲ ಹಾಗೇ ಆಗಿದೆ.

ಮರೆವಿನವಳು ಎಂದು ಬರೆಸಿದ್ದೀಯಲ್ಲ, ಅದಕ್ಕೆ ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಸರಿ ಇದೆಯೇ ನೋಡು.

ನಮ್ಮ ಬ್ಯಾಂಕು ನಿನ್ನ ಅಪ್ಪ ಮತ್ತು ಅವರ ಗೆಳೆಯರು ಒಂದು ಬಾಡಿಗೆ ಕೋಣೆಯಲ್ಲಿ ಶುರು ಮಾಡಿದ್ದು. ವರ್ಷಕ್ಕೊಮ್ಮೆ ಷೇರುದಾರರ ಮಹಾಸಭೆ. ಮ್ಯಾನೇಜರ್ ಲೆಕ್ಕ ಓದುತ್ತಾರೆ. ಓದಿ ಮುಗಿದ ಮೇಲೆ ಎಲ್ಲರಿಗಿಂತ ಹಳೆಯ ಷೇರುದಾರರು ಎದ್ದು, ‘ಈ ಲೆಕ್ಕಪತ್ರಗಳನ್ನು ಸಭೆ ಅಂಗೀಕರಿಸಬೇಕೆಂದು ಸೂಚಿಸುತ್ತೇನೆ’ ಎನ್ನಬೇಕು. ಎಲ್ಲರೂ ಕೈ ಎತ್ತುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಟೀ ಬಿಸ್ಕತ್ತು ಬರುತ್ತದೆ. ನಿನ್ನ ಅಪ್ಪ ಹೋದ ಮೇಲೆ ಆ ಸಾಲು ನನ್ನ ಪಾಲಿಗೆ ಬಂತು. ನೀನೇ ಕೂರಿಸಿಕೊಂಡು ಬಾಯಿಪಾಠ ಮಾಡಿಸಿದ್ದೆ. ‘ಅಂಗೀಕರಿಸಬೇಕೆಂದು’ ಎನ್ನುವಾಗ ನನ್ನ ನಾಲಿಗೆ ಹೊರಳದೆ ಇಬ್ಬರೂ ನಕ್ಕಿದ್ದೆವು. ಸರಿಯಾಗಿದೆಯೇ ನೆನಪು?

ಈ ಸಲ ಮ್ಯಾನೇಜರ್ ಓದಿದ್ದೂ ನೆನಪಿದೆ. ಠೇವಣಿ ಏರಿದೆ, ಲಾಭ ಏರಿದೆ, ವಸೂಲಾಗದ ಸಾಲ ಇಳಿದಿದೆ, ಬರುವ ವರ್ಷ ಎರಡು ಹೊಸ ಶಾಖೆ ತೆರೆಯುತ್ತಾರೆ. ಅಧ್ಯಕ್ಷರ ಕುರ್ಚಿಯಲ್ಲಿ ಅಳಿಯಂದಿರು ಮದುವೆ ಗಂಡಿನ ಹಾಗೆ ಕೂತಿದ್ದರು. ಅವರ ಪಕ್ಕ ನಿರ್ದೇಶಕರ ಸಾಲು: ಅವರ ದೊಡ್ಡಪ್ಪನ ಮಗ, ಅವರ ಜೊತೆ ಓದಿದವರು, ಅವರ ದಯದಿಂದ ಕಾರು ಕೊಂಡವರು. ಅಲ್ಲ ಎನ್ನುವ ಬಾಯಿ ಒಂದೂ ಇಲ್ಲ. ಸಾಲಿನ ಕೊನೆಗೆ ನೀನು. ಹೊಸ ನಿರ್ದೇಶಕಿ ಎಂದು ಕರೆದು ಹೂಗುಚ್ಛ ಕೊಟ್ಟಾಗಲೇ ನನಗೆ ಗೊತ್ತಾದದ್ದು. ನಿನ್ನ ಮನೆಯ ಪರದೆ ಬದಲಾಯಿಸಿದರೂ ಫೋನ್ ಮಾಡಿ ಹೇಳುತ್ತಿದ್ದವಳು ಇದನ್ನು ಹೇಳಿರಲಿಲ್ಲ.

ಮೈಕು ನನ್ನ ಕೈಗೆ ಬಂತು. ಎದ್ದು ನಿಂತೆ. ಮಾತು ಹೊರಡಲಿಲ್ಲ. ಮೈಕು ಕೆಟ್ಟಿದೆ ಅಂದುಕೊಂಡು ಯಾರೋ ಬಂದು ತಟ್ಟಿ ನೋಡಿದರು, ಅದು ನೆಟ್ಟಗೇ ಇತ್ತು. ಅಳಿಯಂದಿರು ನಗುತ್ತಾ ಹೇಳಿ ಅತ್ತೆ ಎಂದರು. ಆಮೇಲೆ ನಗು ಬಿಟ್ಟು ಹೇಳಿ ಎಂದರು. ನಾನು ಕೂತುಬಿಟ್ಟೆ. ಹಿಂದಿನ ಸಾಲಿನಿಂದ ರಿಟೈರಾದ ಪೋಸ್ಟ್‌ಮನ್ ಎದ್ದು, ಸ್ವಂತ ಅತ್ತೆಯೇ ಒಪ್ಪದ ಲೆಕ್ಕವನ್ನು ನಾವು ಯಾಕೆ ಒಪ್ಪಬೇಕು ಎಂದು ಕೇಳಿದರು. ಅಲ್ಲಿಂದ ಒಬ್ಬೊಬ್ಬರಿಗೂ ಬಾಯಿ ಬಂತು. ಲೆಕ್ಕ ಒಪ್ಪದೆಯೇ ಸಭೆ ಮುಂದಕ್ಕೆ ಹೋಯಿತು. ಮಾರನೆಯ ದಿನ ಬ್ಯಾಂಕಿನ ಬಾಗಿಲಿಂದ ಔಷಧಿ ಅಂಗಡಿಯವರೆಗೆ ಕ್ಯೂ. ಆಮೇಲೆ ಮೇಲಿನಿಂದ ತನಿಖೆಯವರು ಬಂದು, ವಾರಕ್ಕೆ ಇಷ್ಟೇ ತೆಗೆಯಬಹುದು ಎಂದು ಬಾಗಿಲಿಗೆ ಚೀಟಿ ಅಂಟಿಸಿದರು. ಯಾವುದೋ ದೊಡ್ಡ ಬ್ಯಾಂಕು ನಮ್ಮದನ್ನು ಸೇರಿಸಿಕೊಳ್ಳುತ್ತದಂತೆ, ಸೇರಿಸಿಕೊಂಡರೆ ಬೋರ್ಡೂ ಇರುವುದಿಲ್ಲವಂತೆ. ನಿನ್ನ ಅಪ್ಪ ಹೆಸರು ಬರೆಸಿದ ಬೋರ್ಡು. ಇದನ್ನು ಕೇಳಿಯೂ ಕಣ್ಣಲ್ಲಿ ನೀರು ಬರಲಿಲ್ಲ. ಒಲೆಯ ಮೇಲೆ ಹಾಲಿತ್ತು, ಹೋಗಿ ಇಳಿಸಿದೆ.

ಆವತ್ತು ಕಾರಿನಲ್ಲಿ ನೀನು ಕೇಳಿದ್ದು ಒಂದೇ ಮಾತು: “ಅಮ್ಮ, ಒಂದು ಸಾಲು ಹೇಳೋಕೆ ನಿಂಗೇನಾಗಿತ್ತು?”

ಗಂಟಲು ಒಣಗಿತ್ತು ಎಂದೆ, ನೀನು ನಂಬಲಿಲ್ಲ. ಹಾಗಾದರೆ ಭಟ್ಟಿಯ ವಿಷಯ ಬರೆಯುತ್ತೇನೆ. ನಿನ್ನ ಮೈದುನನ ಇಟ್ಟಿಗೆ ಭಟ್ಟಿಯ ಚಿಮಣಿಯಲ್ಲಿ ಹೊಗೆ ಎದ್ದು ಎಷ್ಟು ಕಾಲವಾಯಿತು? ಒಳಗೆ ನಾಯಿ ಮರಿ ಹಾಕಿದೆ. ಆದರೂ ಬ್ಯಾಂಕಿನ ಲೆಕ್ಕದಲ್ಲಿ ಅವನ ಸಾಲ ಸರಿಯಾಗಿ ತೀರುತ್ತಿದೆ. ಹೇಗೆಂದು ಅವನೇ ನಮ್ಮ ಮನೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಹೇಳಿದ್ದ. ಕಂತಿನ ದಿನ ಬಂದಾಗ ಅಣ್ಣ ಹೊಸ ಸಾಲ ಕೊಡುತ್ತಾರೆ, ಅದರಲ್ಲಿ ಹಳೆಯದನ್ನು ಕಟ್ಟುತ್ತೇನೆ ಎಂದು. ನೀರನ್ನು ಈ ಕೊಡದಿಂದ ಆ ಕೊಡಕ್ಕೆ ಸುರಿದು ಬಾವಿ ತುಂಬಿತು ಅಂದ ಹಾಗೆ. ಅವನೊಬ್ಬನೇ ಅಲ್ಲ, ಇನ್ನೂ ಹಲವರಂತೆ. ಸಭೆಯಲ್ಲಿ ಓದಿದ ಲಾಭ ಅದೇ.

ಈಗ ಬೇಕರಿಯವನು ನನ್ನ ಹತ್ತಿರ ಬ್ರೆಡ್ಡಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಅಜ್ಜಿ, ನೀವೊಬ್ಬರಾದರೂ ನಿಂತಿರಿ ಎನ್ನುತ್ತಾನೆ. ಎದುರು ಮನೆಯ ಟೈಲರಮ್ಮನ ಉಳಿತಾಯವೆಲ್ಲ ಅಲ್ಲೇ ಸಿಕ್ಕಿಕೊಂಡಿದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. ರವಿಕೆಯ ಗುಂಡಿ ಹೊಲಿಯುತ್ತಾ, ದುಡ್ಡು ಬರುತ್ತದಾ ಅಜ್ಜಿ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಇಬ್ಬರ ಮಾತು ಕೇಳಿಯೂ ನನಗೆ ಏನೂ ಅನಿಸಲಿಲ್ಲ.

ಹಾಳೆಯನ್ನು ಇದರ ಜೊತೆ ವಾಪಸ್ ಕಳಿಸುತ್ತಿದ್ದೇನೆ. ಸಹಿ ಹಾಕಿಲ್ಲ, ಹಾಕುವುದೂ ಇಲ್ಲ. ತನಿಖೆಯ ಅಧಿಕಾರಿ ನನ್ನನ್ನೂ ಮಾತಾಡಿಸಲು ಬಂದಿದ್ದರು. ಆ ಹೆಂಗಸಿಗೆ ನಿನ್ನ ವಯಸ್ಸೇ. ನಿನ್ನ ಹೆಸರೆತ್ತದೆ ಕೇಳಿದೆ, ಹೊಸದಾಗಿ ನಿರ್ದೇಶಕರಾದವರ ಗತಿಯೇನು ಎಂದು. ಸಭೆ ಒಪ್ಪಿದ ಲೆಕ್ಕ ಆಮೇಲೆ ಸುಳ್ಳೆಂದು ಬಯಲಾದರೆ ಆ ಸಾಲಿನಲ್ಲಿ ಕೂತವರೆಲ್ಲ ಹೊಣೆ, ಮನೆಮಠಕ್ಕೂ ಕೈ ಹಾಕುತ್ತಾರೆ, ಒಪ್ಪುವ ಮೊದಲೇ ಬಿಟ್ಟು ಹೋದವರ ಮಾತು ಬೇರೆ ಎಂದರು. ಮುಂದೂಡಿದ ಸಭೆಗೆ ಇನ್ನೂ ಒಂದು ವಾರ ಇದೆ. ರಾಜೀನಾಮೆ ಬರೆಯಲು ಅಷ್ಟು ಬೇಕಾಗಿಲ್ಲ, ನೀನು ನನ್ನ ಹಾಗೆ ನಾಲ್ಕನೇ ಕ್ಲಾಸಲ್ಲ.

ಗಂಡನನ್ನು ಬಿಟ್ಟು ಬಾ ಎನ್ನುತ್ತಿಲ್ಲ. ಕುರ್ಚಿ ಬಿಡು ಎನ್ನುತ್ತಿದ್ದೇನೆ. ಆಮೇಲೆ ನನ್ನ ಜೊತೆ ಮಾತಾಡದಿದ್ದರೂ ನಡೆಯುತ್ತದೆ.

ನಿನಗೆ ಬೇಡವಾದರೂ ನಿನ್ನವಳೇ,
ಅಮ್ಮ

ಮರೆತದ್ದಲ್ಲ, ಬೇಕೆಂದೇ ಕೊನೆಗೆ ಉಳಿಸಿಕೊಂಡದ್ದು: ಭಟ್ಟಿಯ ಸಂಗತಿ ನನಗೆ ಹೋದ ವರ್ಷವೇ ಗೊತ್ತಿತ್ತು. ಗೊತ್ತಿದ್ದೂ ಆ ಸಾಲನ್ನು ಗಟ್ಟಿಯಾಗಿ ಹೇಳಿ ಎರಡು ಬಿಸ್ಕತ್ತು ತಿಂದು ಬಂದಿದ್ದೆ. ಈ ವರ್ಷವೂ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಹೇಳಿ ನೋಡಿಕೊಂಡೇ ಹೊರಟದ್ದು, ನಾಲಿಗೆ ಎಲ್ಲೂ ತಡವರಿಸಲಿಲ್ಲ. ಬೇಕರಿಯವನಿಗೂ ಟೈಲರಮ್ಮನಿಗೂ ಇದು ತಿಳಿಯುವುದು ಬೇಡ. ಆ ಕೊನೆಯ ಕುರ್ಚಿಯಲ್ಲಿ ಬೇರೆ ಯಾರ ಮಗಳು ಕೂತಿದ್ದರೂ ನಾನು ಆ ಸಾಲನ್ನು ಹೇಳಿಬಿಡುತ್ತಿದ್ದೆ.